ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್: ನಾವು ತಗೊಂಡಿದ್ದು ಯಾವುದು, ಯಾಕೆ

ನಮ್ಮ ಫಾರ್ಮುಲಾ ಸ್ಟೂಡೆಂಟ್ ಟೀಮಿನ ಪವರ್‌ಟ್ರೇನ್ ವಿಭಾಗದಲ್ಲಿ ಈ ವರ್ಷ ನಾವು ಐದು ಜನ ಸೆಕೆಂಡ್ ಇಯರ್‌ನವರು ಇದ್ದೀವಿ. ಸೀನಿಯರ್ಸ್ ಎಲ್ಲ ಪ್ಲೇಸ್‌ಮೆಂಟ್ ಅಂತ ಹೊರಟ ಮೇಲೆ ನಮ್ಮ ಕೈಗೆ ಬಂದದ್ದು ಮೂರೇ ವಸ್ತು: ಒಂದು ಕೆಟಿಎಂ 390 ಇಂಜಿನ್, ಅರ್ಧಕ್ಕೆ ನಿಲ್ಲಿಸಿದ ಒಂದು ಎಕ್ಸೆಲ್ ಶೀಟ್, ಮತ್ತು ನೋಡಿದರೆ ಅಳು ಬರುವಂಥ ಬಜೆಟ್. ಆ ಬಜೆಟ್‌ನಲ್ಲಿ ದೊಡ್ಡ ಪಾಲು ತಿನ್ನೋ ಒಂದು ಸಣ್ಣ ವಸ್ತುವಿನ ಬಗ್ಗೆ ಈ ಬರಹ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ತುದಿಯಲ್ಲಿ ತೂತುಗಳಿರುವ ಲೋಹದ ಮೂತಿ, ಹಿಂದೆ ತಂತಿಗಳು. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್.

ಕನ್ನಡದಲ್ಲಿ ಬರೆಯೋಣ ಅಂತ ಕೂತಾಗ ‘ಲೀನ್’, ‘ರಿಚ್’ ಪದಗಳಿಗೆ ‘ತೆಳು’, ‘ಗಟ್ಟಿ’ ಅಂತ ಹಾಕಿ ನೋಡಿದ್ವಿ. ಓದಿದರೆ ಮಜ್ಜಿಗೆ ಬಗ್ಗೆ ಬರೆದ ಹಾಗಿತ್ತು. ಆದ್ದರಿಂದ ಲೀನ್, ರಿಚ್ ಹಾಗೇ ಇರಲಿ. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಇದ್ದರೆ ಲೀನ್, ಪೆಟ್ರೋಲ್ ಜಾಸ್ತಿ ಇದ್ದರೆ ರಿಚ್. ಎರಡೂ ಸರಿಸಮ ಇದ್ದು, ಲೆಕ್ಕದ ಪ್ರಕಾರ ಒಂದೂ ಉಳಿಯದ ಹಾಗೆ ಉರಿದರೆ ಅದಕ್ಕೆ ಲ್ಯಾಂಬ್ಡಾ 1 ಅಂತಾರೆ. 1ಕ್ಕಿಂತ ಕಮ್ಮಿ ಅಂದರೆ ರಿಚ್, ಜಾಸ್ತಿ ಅಂದರೆ ಲೀನ್. ಫುಲ್ ಥ್ರಾಟಲ್‌ನಲ್ಲಿ ಪವರ್ ಬೇಕಾದಾಗ ಸಾಮಾನ್ಯವಾಗಿ 0.85ರಿಂದ 0.90ರ ಹತ್ತಿರ ಇಡ್ತಾರೆ. ಲೋಡ್ ಇರುವಾಗ ಲೀನ್ ಆಗಿ ಓಡಿಸಿದರೆ ಪಿಸ್ಟನ್ ಮೇಲೆ ಬಿಸಿ ಏರುತ್ತೆ, ನಾಕಿಂಗ್ ಶುರುವಾಗುತ್ತೆ, ಕೊನೆಗೆ ಪಿಸ್ಟನ್ನೇ ಕರಗುತ್ತೆ. ತುಂಬಾ ರಿಚ್ ಮಾಡಿದರೂ ಕ್ಷೇಮ ಇಲ್ಲ. ಅದು ನಮಗೆ ಗೊತ್ತಾದದ್ದು ಹೇಗೆ ಅಂತ ಮುಂದೆ ಹೇಳ್ತೀವಿ.

ಬೈಕಿನ ಇಂಜಿನ್ ಜೊತೆ ಕಂಪನಿಯ ಇಸಿಯು ಬರುತ್ತಲ್ಲ, ಅದನ್ನೇ ಬಳಸಬಾರದಾ ಅಂತ ಫಸ್ಟ್ ಇಯರ್‌ನವರು ಪ್ರತಿ ವರ್ಷ ಕೇಳ್ತಾರೆ. ನಾವೂ ಕೇಳಿದ್ವಿ. ಫಾರ್ಮುಲಾ ಸ್ಟೂಡೆಂಟ್ ನಿಯಮದ ಪ್ರಕಾರ ಪೆಟ್ರೋಲ್ ಇಂಜಿನ್‌ಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ಕಿಂಡಿಯಲ್ಲಿ ನುಗ್ಗಬೇಕು. ಅದಕ್ಕೆ ರೆಸ್ಟ್ರಿಕ್ಟರ್ ಅಂತ ಹೆಸರು. ನಮ್ಮದೇ ಇನ್‌ಟೇಕ್, ನಮ್ಮದೇ ಎಕ್ಸಾಸ್ಟ್ ಬೇರೆ. 373 ಸಿಸಿ ಇಂಜಿನ್ ಅದೇ ಆದರೂ ಉಸಿರಾಟ ಪೂರ್ತಿ ಬೇರೆ. ಹಳೆಯ ಮ್ಯಾಪ್ ಇಲ್ಲಿ ನಡೆಯಲ್ಲ. ಯಾವ ಆರ್‌ಪಿಎಂನಲ್ಲಿ, ಎಷ್ಟು ಥ್ರಾಟಲ್‌ಗೆ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅನ್ನೋ ಕೋಷ್ಟಕವನ್ನ ನಾವೇ ತುಂಬಬೇಕು. ತುಂಬಿದ ಉತ್ತರ ಸರಿಯೋ ತಪ್ಪೋ ಅಂತ ಹೇಳೋದು ಎಕ್ಸಾಸ್ಟ್ ಪೈಪಿನಲ್ಲಿ ಕೂತಿರುವ ಸೆನ್ಸರ್.

ಬೈಕಿನ ಜೊತೆ ಬಂದ ಸೆನ್ಸರ್ ಇದೆ, ಆದರೆ ಅದು ನ್ಯಾರೋಬ್ಯಾಂಡ್. 1976ರಲ್ಲಿ ವೋಲ್ವೋ ಕಾರಿನಲ್ಲಿ ಬಾಷ್ ಕಂಪನಿ ಮೊದಲು ಹಾಕಿದ ಲ್ಯಾಂಬ್ಡಾ ಸೆನ್ಸರಿನ ವಂಶ ಅದು. ಒಳಗಿರೋದು ಜಿರ್ಕೋನಿಯಾ ಪಿಂಗಾಣಿ. ಕಾದಾಗ ಅದು ಆಕ್ಸಿಜನ್ ಅಯಾನುಗಳನ್ನ ತನ್ನ ಮೂಲಕ ಹರಿಯೋಕೆ ಬಿಡುತ್ತೆ. ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಎಕ್ಸಾಸ್ಟ್ ಹೊಗೆ. ಎರಡರಲ್ಲೂ ಆಕ್ಸಿಜನ್ ಎಷ್ಟಿದೆ ಅನ್ನೋ ವ್ಯತ್ಯಾಸದ ಮೇಲೆ ವೋಲ್ಟೇಜ್ ಹುಟ್ಟುತ್ತೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಿ ಮರೆತ ನರ್ನ್‌ಸ್ಟ್ ಸಮೀಕರಣ ಇದೇ. ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ ಸುಮಾರು 0.1 ವೋಲ್ಟ್. ತೊಂದರೆ ಏನಂದ್ರೆ, ಈ ಏರಿಳಿತ ಲ್ಯಾಂಬ್ಡಾ 1ರ ಆಸುಪಾಸಿನಲ್ಲೇ ಗೋಡೆ ಥರ ನಡೆದುಬಿಡುತ್ತೆ. 0.95 ಇರಲಿ 0.80 ಇರಲಿ, ಅದು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು: ‘ರಿಚ್’.

ಮನೆ ಮೇಲಿನ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಓವರ್‌ಫ್ಲೋ ಪೈಪಿನಿಂದ ನೀರು ಬಿದ್ದಾಗ ಅಮ್ಮ ‘ಮೋಟರ್ ಆಫ್ ಮಾಡೋ’ ಅಂತ ಕೂಗ್ತಾರೆ. ತುಂಬಿದೆ ಅನ್ನೋದು ಗೊತ್ತಾಯ್ತು, ಸರಿ. ಆದರೆ ಅರ್ಧ ಇದೆಯಾ, ಕಾಲು ಇದೆಯಾ ಅಂತ ಆ ಪೈಪು ಹೇಳಲ್ಲ. ನ್ಯಾರೋಬ್ಯಾಂಡ್ ಅಂದರೆ ಆ ಓವರ್‌ಫ್ಲೋ ಪೈಪು. ಕ್ಯಾಟಲಿಟಿಕ್ ಕನ್ವರ್ಟರ್ ಇರೋ ರಸ್ತೆ ಬೈಕಿಗೆ ಅದು ಸಾಕು, ಯಾಕಂದ್ರೆ ಅಲ್ಲಿ ಹೆಚ್ಚು ಹೊತ್ತು ಲ್ಯಾಂಬ್ಡಾ 1ರ ಸುತ್ತಲೇ ಇರಬೇಕು. 0.88ಕ್ಕೆ ಟ್ಯೂನ್ ಮಾಡೋಕೆ ಹೊರಟವರಿಗೆ ಸಾಲದು.

ವೈಡ್‌ಬ್ಯಾಂಡ್ ಬೇರೆ ಉಪಾಯ ಮಾಡುತ್ತೆ. ಈ ಸಲ ಟ್ಯಾಂಕ್ ಬಿಟ್ಟು ಸಂಪಿಗೆ ಬನ್ನಿ. ಸಂಪಿನ ಗೋಡೆ ಮೇಲೆ ಒಂದು ಗೆರೆ ಎಳೆದಿದ್ದೀರಿ. ನೀರು ಸದಾ ಆ ಗೆರೆಯಲ್ಲೇ ನಿಲ್ಲಬೇಕು ಅಂತ ಮೋಟರ್‌ಗೆ ಹೇಳಿದ್ದೀರಿ. ಕಾವೇರಿ ನೀರು ಜೋರಾಗಿ ಬಂದರೆ ಮೋಟರ್ ನೀರನ್ನ ಹೊರಗೆ ಎತ್ತುತ್ತೆ, ಕಮ್ಮಿಯಾದರೆ ಉಲ್ಟಾ ಓಡಿ ಒಳಗೆ ತುಂಬಿಸುತ್ತೆ. ಈಗ ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡಬೇಕಾಗಿಲ್ಲ. ಮೋಟರ್ ಯಾವ ಕಡೆಗೆ, ಎಷ್ಟು ಜೋರಾಗಿ ಓಡ್ತಿದೆ ಅಂತ ನೋಡಿದರೆ ಎಷ್ಟು ನೀರು ಬರ್ತಿದೆ ಅಂತ ಲೆಕ್ಕ ಸಿಗುತ್ತೆ. ಸೆನ್ಸರಿನ ಒಳಗೆ ಸೂಜಿಮೊನೆಗಿಂತ ಚಿಕ್ಕ ಒಂದು ಕೋಣೆ ಇದೆ, ಎಕ್ಸಾಸ್ಟ್ ಹೊಗೆ ಅದರೊಳಗೆ ಸಣ್ಣಗೆ ಜಿನುಗುತ್ತೆ. ಒಂದು ನರ್ನ್‌ಸ್ಟ್ ಸೆಲ್ ಕೋಣೆಯಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ನೋಡುತ್ತೆ, ಇನ್ನೊಂದು ಪಂಪ್ ಸೆಲ್ ಆಕ್ಸಿಜನ್ನನ್ನ ಹೊರಗೋ ಒಳಗೋ ಸಾಗಿಸುತ್ತೆ. ನರ್ನ್‌ಸ್ಟ್ ಸೆಲ್ ಸದಾ 450 ಮಿಲಿವೋಲ್ಟ್ ತೋರಿಸಬೇಕು, ಅಂದರೆ ಕೋಣೆ ಸದಾ ಲ್ಯಾಂಬ್ಡಾ 1ರಲ್ಲಿರಬೇಕು ಅಂತ ಕಂಟ್ರೋಲರ್ ಪಂಪಿನ ಕರೆಂಟನ್ನ ಏರಿಸ್ತಾ ಇಳಿಸ್ತಾ ಇರುತ್ತೆ. ಆ ಕರೆಂಟೇ ನಮ್ಮ ಉತ್ತರ. ಬಾಷ್ ಎಲ್‌ಎಸ್‌ಯು 4.9ರಲ್ಲಿ ಬರೀ ಗಾಳಿಯಲ್ಲಿ ಹಿಡಿದರೆ ಸುಮಾರು 2.5 ಮಿಲಿಆಂಪಿಯರ್, ಲ್ಯಾಂಬ್ಡಾ 1ಕ್ಕೆ ಸೊನ್ನೆ, 0.80ಕ್ಕೆ ಸುಮಾರು ಮೈನಸ್ 1.1. ರಿಚ್ ಹೊಗೆಯಲ್ಲಿ ಬಿಡಿ ಆಕ್ಸಿಜನ್ ಹೆಚ್ಚುಕಮ್ಮಿ ಇರೋದೇ ಇಲ್ಲ. ಅಲ್ಲಿ ಉಳಿದ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಪೂರ್ತಿ ಉರಿಯೋಕೆ ಎಷ್ಟು ಆಕ್ಸಿಜನ್ ಹಾಕಬೇಕಾಯ್ತು ಅನ್ನೋದೇ ಲೆಕ್ಕ. ಅದಕ್ಕೇ ಮೈನಸ್.

ಇಲ್ಲಿ ಒಂದು ಮಾತನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಈ ಸೆನ್ಸರ್ ಪೆಟ್ರೋಲನ್ನ ಅಳೆಯಲ್ಲ. ತನ್ನ ಮುಂದೆ ಹಾದುಹೋದ ಆಕ್ಸಿಜನ್ನನ್ನ ಅಳೆಯುತ್ತೆ. ಆ ಆಕ್ಸಿಜನ್ ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಿಲ್ಲ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಕಳೆದ ವರ್ಷ ನಮ್ಮ ಟೀಮು ಒಂದು ಇಂಜಿನ್ ಕಳೆದುಕೊಂಡಿತು.

ಆಗ ನಾವು ಫಸ್ಟ್ ಇಯರ್. ನಮ್ಮ ಕೆಲಸ ಲ್ಯಾಪ್‌ಟಾಪ್ ಹಿಡಿದುಕೊಳ್ಳೋದು, ಟೀ ತರೋದು. ಇವೆಂಟ್‌ಗೆ ಐದು ವಾರ ಇತ್ತು. ಕಾರಿನಲ್ಲಿದ್ದದ್ದು ಒಬ್ಬ ಹಳೇ ವಿದ್ಯಾರ್ಥಿ ಬಿಟ್ಟುಹೋದ ಎಲ್‌ಎಸ್‌ಯು 4.2 ಸೆನ್ಸರ್, ಜೊತೆಗೆ ಅದರ ಗೇಜು. ಕಡಿಮೆ ಥ್ರಾಟಲ್‌ನಲ್ಲಿ ಗೇಜು ಲ್ಯಾಂಬ್ಡಾ 1.10 ಅಂತಿತ್ತು. ಲೀನ್ ಇದೆ ಅಂತ ಸೀನಿಯರ್ 5 ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಮಾಡಿದರು. ಸ್ವಲ್ಪ ಇಳಿಯಿತು, ಮತ್ತೆ ಏರಿತು. ಇನ್ನೂ 5. ಇನ್ನೂ 5. ಇಂಜಿನ್ ಗೊರ ಗೊರ ಅಂತಿದೆ, ಸೈಲೆನ್ಸರ್‌ನಿಂದ ಬರೋ ವಾಸನೆಗೆ ಕಣ್ಣು ಉರೀತಿದೆ, ಗೇಜು ಮಾತ್ರ ‘ಲೀನ್’ ಅಂತಲೇ ಹೇಳ್ತಿದೆ.

ಸೆನ್ಸರ್ ಕೆಟ್ಟಿರಬೇಕು ಅಂತ ತೀರ್ಮಾನ ಆಯ್ತು. ಜೆಸಿ ರೋಡಿಗೆ ಹೋದ್ವಿ. ಬೆಂಗಳೂರಿನಲ್ಲಿ ಕಾರಿನ ಸಾಮಾನು ಬೇಕಂದ್ರೆ ಟೌನ್‌ಹಾಲ್ ಪಕ್ಕದ ಆ ರಸ್ತೆಗೆ ಹೋಗದೆ ವಿಧಿ ಇಲ್ಲ. ‘ಬಾಷ್ ವೈಡ್‌ಬ್ಯಾಂಡ್ ಕೊಡಿ’ ಅಂದ್ವಿ. ಅಂಗಡಿಯವರು ಡಬ್ಬಿ ತೆಗೆದುಕೊಟ್ಟರು. ಅವರದೇನೂ ತಪ್ಪಿಲ್ಲ, ನಾವು ನಂಬರ್ ಹೇಳಲಿಲ್ಲ. ಬಂದದ್ದು 4.9. ವರ್ಕ್‌ಶಾಪಿಗೆ ತಂದು ನೋಡಿದರೆ ಕನೆಕ್ಟರ್ ಕೂರಲಿಲ್ಲ. ರಾತ್ರಿ ಹತ್ತೂವರೆ. ‘ತಂತಿ ಬಣ್ಣ ನೋಡಿ ಕಟ್ ಮಾಡಿ ಜಾಯಿನ್ ಮಾಡ್ರೋ’ ಅಂದರು ಒಬ್ಬರು. ಮಾಡಿದ್ವಿ. ಹತ್ತು ನಿಮಿಷದಲ್ಲಿ ಹೊಸ ಸೆನ್ಸರ್ ಸತ್ತಿತ್ತು.

ಯಾಕೆ ಸತ್ತಿತು ಅನ್ನೋದರಲ್ಲೇ ಆಯ್ಕೆಯ ಅರ್ಧ ಪಾಠ ಇದೆ. ಸೆನ್ಸರ್ ಸರಿಯಾಗಿ ಓದಬೇಕಾದರೆ ಅದರ ಪಿಂಗಾಣಿ ಒಂದೇ ಬಿಸಿಯಲ್ಲಿ ಇರಬೇಕು. ಎಷ್ಟು ಬಿಸಿಯಾಗಿದೆ ಅಂತ ಕಂಟ್ರೋಲರ್ ತಿಳಿದುಕೊಳ್ಳೋದು ನರ್ನ್‌ಸ್ಟ್ ಸೆಲ್ಲಿನ ರೆಸಿಸ್ಟೆನ್ಸ್ ನೋಡಿ. ಬಿಸಿ ಏರಿದ ಹಾಗೆ ರೆಸಿಸ್ಟೆನ್ಸ್ ಇಳಿಯುತ್ತೆ. 4.2ಕ್ಕೆ ಗುರಿ 80 ಓಮ್, ಸುಮಾರು 750 ಡಿಗ್ರಿ. 4.9ಕ್ಕೆ ಗುರಿ 300 ಓಮ್, ಸುಮಾರು 780 ಡಿಗ್ರಿ. 4.2ರ ಕಂಟ್ರೋಲರ್‌ಗೆ 4.9 ಸಿಕ್ಕಿಸಿದರೆ ಅದು 80 ಓಮ್ ಬರೋವರೆಗೂ ಹೀಟರ್ ಉರಿಸ್ತಾನೇ ಇರುತ್ತೆ. 300ರಲ್ಲಿ ನಿಲ್ಲಬೇಕಾದ್ದು ನಿಲ್ಲಲ್ಲ. ಸೆನ್ಸರ್ ಸುಟ್ಟುಹೋಗುತ್ತೆ. ಇನ್ನೂ ಒಂದು ಅನಾಹುತ: ಪ್ರತಿ ಸೆನ್ಸರಿನ ಜಿನುಗೋ ಕಿಂಡಿ ಕೂದಲೆಳೆಯಷ್ಟು ಬೇರೆ ಬೇರೆ ಇರುತ್ತೆ. ಆ ವ್ಯತ್ಯಾಸ ಸರಿದೂಗಿಸೋಕೆ ಫ್ಯಾಕ್ಟರಿಯಲ್ಲೇ ಒಂದು ಪುಟ್ಟ ರೆಸಿಸ್ಟರನ್ನ ಲೇಸರ್‌ನಿಂದ ಕೊರೆದು ಕನೆಕ್ಟರ್ ಒಳಗೇ ಕೂರಿಸಿರ್ತಾರೆ. ಕನೆಕ್ಟರ್ ಕಟ್ ಮಾಡಿ ಎಸೆದರೆ ಆ ಸೆನ್ಸರಿನ ಕ್ಯಾಲಿಬ್ರೇಷನ್ನೇ ಎಸೆದ ಹಾಗೆ. ನಾವು ಎರಡೂ ತಪ್ಪನ್ನ ಒಂದೇ ರಾತ್ರಿ ಮಾಡಿದ್ವಿ.

ಮಾರನೇ ದಿನ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್‌ನಲ್ಲಿ ನಮ್ಮ ಎಕ್ಸಾಸ್ಟ್ ವೆಲ್ಡ್ ಮಾಡಿಕೊಡೋ ಯಜಮಾನರ ಹತ್ತಿರ ಕಾರ್ ತಗೊಂಡು ಹೋದ್ವಿ. ಬಂದದ್ದು ಬೇರೆ ಬ್ರಾಕೆಟ್ ಕೆಲಸಕ್ಕೆ. ಇಂಜಿನ್ ಐಡಲ್‌ನಲ್ಲಿ ಓಡ್ತಿರೋದನ್ನ ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಒಳಗೆ ಹೋಗಿ ದೇವರ ಫೋಟೋ ಮುಂದಿದ್ದ ಊದುಬತ್ತಿ ತಂದು ಪೈಪಿನ ಜಾಯಿಂಟ್ ಪಕ್ಕ ಹಿಡಿದರು. ಹೊಗೆ ಮೇಲೆ ಹೋಗೋ ಬದಲು ಪಟ್ ಪಟ್ ಅಂತ ಜಾಯಿಂಟಿನ ಒಳಗೆ ಎಳೆದುಕೊಳ್ತಿತ್ತು. ‘ಲೀಕು ಕಣಪ್ಪಾ. ಇಲ್ಲಿ ಗಾಳಿ ಕುಡೀತಾ ಇದೆ, ನೀವು ನೋಡಿದ್ರೆ ಪೆಟ್ರೋಲ್ ಸುರೀತಾ ಇದ್ದೀರಾ’ ಅಂದರು.

ಎಕ್ಸಾಸ್ಟ್ ಪೈಪಿನಲ್ಲಿ ಒತ್ತಡ ಸದಾ ಹೊರಮುಖ ಅಂದುಕೊಂಡಿದ್ವಿ. ಹಾಗಲ್ಲ. ಸಿಂಗಲ್ ಸಿಲಿಂಡರ್ ಇಂಜಿನ್‌ನಲ್ಲಿ ಒಂದು ಹೊಗೆ ಬಡಿತ ಹೊರಗೆ ಹೋದ ಹಿಂದೆಯೇ ಒಂದು ನಿರ್ವಾತದ ಅಲೆ ಬರುತ್ತೆ. ಆಗ ಸಣ್ಣ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತೆ. ಸೆನ್ಸರ್ ಆ ಗಾಳಿಯ ಆಕ್ಸಿಜನ್ನನ್ನೂ ಪ್ರಾಮಾಣಿಕವಾಗಿ ಎಣಿಸಿ ಲೀನ್ ಅನ್ನುತ್ತೆ. ನಾವು ಪೆಟ್ರೋಲ್ ಏರಿಸ್ತೀವಿ. ಏರಿಸ್ತಾ ಏರಿಸ್ತಾ ಮಿಶ್ರಣ ಎಷ್ಟು ರಿಚ್ ಆಗುತ್ತೆ ಅಂದ್ರೆ ಕಿಡಿಗೆ ಹೊತ್ತಿಕೊಳ್ಳೋದನ್ನೇ ಬಿಡುತ್ತೆ, ಮಿಸ್‌ಫೈರ್ ಆಗುತ್ತೆ. ಹೊತ್ತಿಕೊಳ್ಳದ ಸೈಕಲ್‌ನಲ್ಲಿ ಸಿಲಿಂಡರಿನ ಆಕ್ಸಿಜನ್ ಪೂರ್ತಿ ಹಾಗೇ ಪೈಪಿಗೆ ಬರುತ್ತೆ. ಸೆನ್ಸರ್ ಮತ್ತೆ ಲೀನ್ ಅನ್ನುತ್ತೆ. ನಾವು ಮತ್ತೆ ಏರಿಸ್ತೀವಿ. ಸೆನ್ಸರ್ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಪ್ಲಗ್ ಬಿಚ್ಚಿದರೆ ಕಾಡಿಗೆ ಥರ ಕಪ್ಪು. ಡಿಪ್‌ಸ್ಟಿಕ್ ಮೂಸಿದರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ಸಿಲಿಂಡರ್ ಗೋಡೆಯ ಆಯಿಲನ್ನ ಪೆಟ್ರೋಲ್ ತೊಳೆದುಹಾಕಿತ್ತು. ಪಿಸ್ಟನ್ ರಿಂಗ್ ಸವೆದು ಕಂಪ್ರೆಷನ್ ಬಿದ್ದುಹೋಗಿತ್ತು. ಐದು ವಾರದಲ್ಲಿ ಮೂರು ವಾರ ಇಂಜಿನ್ ಬಿಚ್ಚಿ ಕಟ್ಟೋದರಲ್ಲೇ ಹೋಯ್ತು, ಟೆಸ್ಟಿಂಗ್ ದಿನಗಳೆಲ್ಲ ಹೋದವು. ಆ ಸೀನಿಯರ್ ನಮ್ಮ ಮುಂದೆ ಏನೂ ಹೇಳಲಿಲ್ಲ. ಆದರೆ ಅವರ ನಾಲ್ಕು ವರ್ಷದ ಕೊನೆಯ ಕಾರು ಅದು ಅಂತ ನಮಗೆಲ್ಲ ಗೊತ್ತಿತ್ತು.

ಸರಿ, ಈ ವರ್ಷದ ಆಯ್ಕೆಗೆ ಬರೋಣ. ಮೊದಲ ಪ್ರಶ್ನೆ ಸೆನ್ಸರ್ ಯಾವುದು ಅನ್ನೋದು. ಎಲ್‌ಎಸ್‌ಯು 4.2 ಹಳೆಯದು. ಹೋಲಿಕೆಗೆ ಅದು ಹೊರಗಿನ ಗಾಳಿಯನ್ನೇ ನೆಚ್ಚಿಕೊಂಡಿದೆ. ತಂತಿಗಳ ಹಾದಿಯಲ್ಲಿ ಹೊಗೆಯೋ ಆಯಿಲ್ ಆವಿಯೋ ಸೇರಿಕೊಂಡರೆ ಹೋಲಿಕೆಯೇ ಕೆಡುತ್ತೆ, ರೀಡಿಂಗ್ ಜಾರುತ್ತೆ. ಅದಕ್ಕೇ ಅದನ್ನ ಆಗಾಗ ಬಿಚ್ಚಿ ಶುದ್ಧ ಗಾಳಿಯಲ್ಲಿ ಹಿಡಿದು ಕ್ಯಾಲಿಬ್ರೇಟ್ ಮಾಡಬೇಕು. ವರ್ಕ್‌ಶಾಪ್ ಒಳಗೆ, ಪಕ್ಕದಲ್ಲಿ ಇನ್ನೊಂದು ಬೈಕ್ ಓಡ್ತಿರುವಾಗ ಮಾಡಿದರೆ ಮಾಡದಿರೋದೇ ವಾಸಿ. 4.9ರಲ್ಲಿ ಹೋಲಿಕೆಗೆ ಬೇಕಾದ ಆಕ್ಸಿಜನ್ನನ್ನ ಅದೇ ಸಣ್ಣ ಕರೆಂಟಿನಿಂದ ಪಂಪ್ ಮಾಡಿ ತಯಾರಿಸಿಕೊಳ್ಳುತ್ತೆ, ಆ ತಲೆನೋವು ಇಲ್ಲ. ಆಮೇಲೆ ಬಂದ ಎಲ್‌ಎಸ್‌ಯು ಎಡಿವಿ ಕನೆಕ್ಟರಿನ ರೆಸಿಸ್ಟರ್ ಇಲ್ಲದೆಯೇ ಐದು ತಂತಿಯಲ್ಲಿ ಕೆಲಸ ಮಾಡುತ್ತೆ, ಚೆನ್ನಾಗಿದೆ. ಆದರೆ ಅದಕ್ಕೆ ಹೊಂದೋ ಕಂಟ್ರೋಲರ್‌ಗಳು ಕಡಿಮೆ. ಜಪಾನಿನ ಎನ್‌ಟಿಕೆ ಸೆನ್ಸರ್‌ಗಳಿಗೂ ಒಳ್ಳೆ ಹೆಸರಿದೆ, ಬೆಲೆಯೂ ಹಾಗೇ ಇದೆ. ನಮಗೆ ಇವೆಂಟ್ ಹಿಂದಿನ ದಿನ ಸೆನ್ಸರ್ ಸತ್ತರೆ ಇನ್ನೊಂದು ಎಲ್ಲಾದರೂ ಸಿಗಬೇಕು. ಆದ್ದರಿಂದ 4.9. ನಂಬರ್ 0 258 017 025. ಅಂಗಡಿಗೆ ಹೋಗೋ ಮುಂಚೆ ಇದನ್ನ ಫೋನಲ್ಲಿ ಬರೆದುಕೊಂಡು ಹೋಗಿ. ಡಬ್ಬಿ ಮೇಲಲ್ಲ, ಸೆನ್ಸರಿನ ಲೋಹದ ಮೇಲೆ ಕೊರೆದಿರೋ ನಂಬರ್ ನೋಡಿ. ಬೆಲೆ ಅನುಮಾನ ಬರುವಷ್ಟು ಕಮ್ಮಿ ಇದ್ದರೆ ಅನುಮಾನ ಪಡಿ.

ಹೋಗಲಿ, ಒಂದು ಊರಿನ ವಿಷಯ. ನಮ್ಮಲ್ಲಿ ಇಬ್ಬರು ಬಿಟಿಎಂನಲ್ಲಿ ಪಿಜಿಯಲ್ಲಿರೋದು. ದಿನಾ ‘ಮೈಕೊ ಲೇಔಟ್’ ಅನ್ನೋ ಬೋರ್ಡ್ ದಾಟಿ ಬರ್ತಾರೆ, ಮೈಕೊ ಅಂದರೆ ಏನು ಅಂತ ಯಾರೂ ಯೋಚಿಸಿರಲಿಲ್ಲ. ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾಗಿ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡ್ತಿದ್ದ ಅದೇ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ನಾವು ಜರ್ಮನಿ ಜರ್ಮನಿ ಅಂತಿದ್ದ ಹೆಸರು ನಮ್ಮ ಬಸ್ ಸ್ಟಾಪಿನಲ್ಲೇ ಇತ್ತು.

ಎರಡನೇ ಪ್ರಶ್ನೆ ಕಂಟ್ರೋಲರ್. ಸೆನ್ಸರ್ ಒಂದೇ ತಂದರೆ ಏನೂ ಆಗಲ್ಲ. ಹೀಟರ್, ಪಂಪ್ ಕರೆಂಟ್ ಎರಡನ್ನೂ ನಡೆಸೋಕೆ ಇನ್ನೊಂದು ಪೆಟ್ಟಿಗೆ ಬೇಕು, ಅದರ ಬೆಲೆ ಸೆನ್ಸರಿಗಿಂತ ಜಾಸ್ತಿ. ಇಸಿಯುಮಾಸ್ಟರ್ ಇಎಂಯು ಬ್ಲ್ಯಾಕ್‌ನಂಥ ಇಸಿಯುಗಳಲ್ಲಿ ಇದು ಒಳಗೇ ಇರುತ್ತೆ. ನಮ್ಮ ಇಸಿಯು ಸ್ಪೀಡುಯಿನೊ, ಆರ್ಡುಯಿನೊ ಮೆಗಾ ಮೇಲೆ ಕಟ್ಟಿದ ಓಪನ್ ಸೋರ್ಸ್ ಹುಡುಗ. ಅದಕ್ಕೆ ಹೊರಗಿನಿಂದ 0–5 ವೋಲ್ಟ್ ಸಿಗ್ನಲ್ ಕೊಡಬೇಕು. ಸ್ಪಾರ್ಟನ್ 3 ಮತ್ತು ಎಇಎಂ ಎಕ್ಸ್ ಸೀರೀಸ್ ಎರಡರ ನಡುವೆ ಒಂದು ವಾರ ಜಗಳ ಆಡಿ ಎಇಎಂ ತಗೊಂಡ್ವಿ. ಕಾರಣ ತುಂಬಾ ತಾಂತ್ರಿಕ ಏನಲ್ಲ: ಕಣ್ಣಿಗೆ ಕಾಣೋ ಗೇಜು ಇತ್ತು, ಲ್ಯಾಪ್‌ಟಾಪ್ ಹ್ಯಾಂಗ್ ಆದಾಗಲೂ ನಂಬರ್ ಕಾಣುತ್ತೆ.

ಇಲ್ಲಿ ಗ್ರೌಂಡ್ ವಿಷಯ ಹೇಳಲೇಬೇಕು, ಇದನ್ನ ಯಾವ ಅಂಗಡಿಯಲ್ಲೂ ಹೇಳಲ್ಲ. ಎಇಎಂ ಕೊಡೋ ವೋಲ್ಟೇಜನ್ನ 2.375ರಿಂದ ಗುಣಿಸಿ 7.3125 ಕೂಡಿದರೆ ಏರ್ ಫ್ಯುಯೆಲ್ ರೇಷಿಯೋ ಬರುತ್ತೆ. ಕಂಟ್ರೋಲರಿನ ಗ್ರೌಂಡ್ ಒಂದು ಕಡೆ, ಇಸಿಯು ಗ್ರೌಂಡ್ ಇನ್ನೊಂದು ಕಡೆ ಇದ್ದು, ನಡುವೆ ಬರೀ 0.1 ವೋಲ್ಟ್ ವ್ಯತ್ಯಾಸ ಇದ್ದರೂ ರೇಷಿಯೋ 0.24ರಷ್ಟು ತಪ್ಪುತ್ತೆ. ಹೀಟರ್ ಆಂಪಿಯರ್‌ಗಟ್ಟಲೆ ಕರೆಂಟ್ ಎಳೆಯೋದರಿಂದ ಈ ವ್ಯತ್ಯಾಸ ಬರೋದು ಸುಲಭ. ಗೇಜು ಒಂದು ಹೇಳುತ್ತೆ, ಲ್ಯಾಪ್‌ಟಾಪ್ ಇನ್ನೊಂದು ಹೇಳುತ್ತೆ. ಹೀಟರ್ ಗ್ರೌಂಡ್ ನೇರ ಬ್ಯಾಟರಿಗೆ ಕೊಡಿ, ಸಿಗ್ನಲ್ ಗ್ರೌಂಡ್ ಇಸಿಯು ಪಕ್ಕದಲ್ಲೇ ಕೂರಿಸಿ. ಕ್ಯಾನ್ ಬಸ್ ಇರೋ ಇಸಿಯು ನಿಮ್ಮದಾದರೆ ಅದನ್ನೇ ಬಳಸಿ. ಅಲ್ಲಿ ವೋಲ್ಟೇಜ್ ಬದಲು ಅಂಕಿಯೇ ಹೋಗೋದರಿಂದ ಈ ರಗಳೆ ಇಲ್ಲ.

ಇನ್ನು 14.7ರ ಮೂಢನಂಬಿಕೆ. ಅಮೆರಿಕದ ಯೂಟ್ಯೂಬ್ ನೋಡಿ ಬೆಳೆದ ನಾವೆಲ್ಲ ‘14.7 ಅಂದ್ರೆ ಪರ್ಫೆಕ್ಟ್’ ಅಂತ ನಂಬಿದ್ವಿ. ಒಂದು ಕಿಲೋ ಶುದ್ಧ ಪೆಟ್ರೋಲ್‌ಗೆ 14.7 ಕಿಲೋ ಗಾಳಿ ಬೇಕು, ನಿಜ. ಆದರೆ ಬನಶಂಕರಿ ಬಂಕಿನಲ್ಲಿ ಈಗ ನಮಗೆ ಸಿಗೋದು ಇ20, ಅಂದರೆ ಅಳತೆಯಲ್ಲಿ 20 ಪರ್ಸೆಂಟ್ ಎಥನಾಲ್. ಎಥನಾಲ್ ಅಣುವಿನಲ್ಲೇ ಆಕ್ಸಿಜನ್ ಇದೆ, ಅದಕ್ಕೆ ಒಂದು ಕಿಲೋಗೆ ಸುಮಾರು 9 ಕಿಲೋ ಗಾಳಿ ಸಾಕು. ಸಾಂದ್ರತೆ ಹಾಕಿ ಲೆಕ್ಕ ಮಾಡಿದರೆ ಇ20ಕ್ಕೆ ಸುಮಾರು 13.5 ಬರುತ್ತೆ. ಗೇಜು ನಿಜಕ್ಕೂ ಅಳೆಯೋದು ಲ್ಯಾಂಬ್ಡಾ. ಅದನ್ನ 14.7ರಿಂದ ಗುಣಿಸಿ ಬರೀ ತೋರಿಸುತ್ತೆ. ಈಗ ಯಾರೋ ಬುದ್ಧಿವಂತರು ಇಸಿಯು ಸಾಫ್ಟ್‌ವೇರ್‌ನಲ್ಲಿ ಮಾತ್ರ 13.5 ಅಂತ ಬದಲಿಸಿದರು ಅಂತಿಟ್ಟುಕೊಳ್ಳಿ (ಯಾರೋ ಅಂದರೆ ನಮ್ಮಲ್ಲೇ ಒಬ್ಬ). ಗೇಜು 13.0 ಕಳಿಸುತ್ತೆ, ಅದರ ಅರ್ಥ ಲ್ಯಾಂಬ್ಡಾ 0.88. ಇಸಿಯು ಅದನ್ನ 13.5ರಿಂದ ಭಾಗಿಸಿ 0.96 ಅಂತ ಓದುತ್ತೆ. 0.88 ಬೇಕು ಅಂತ ಹೇಳಿದ್ದರೆ ಸುಮಾರು 9 ಪರ್ಸೆಂಟ್ ಪೆಟ್ರೋಲನ್ನ ಸುಮ್ಮನೆ ಸುರಿಯುತ್ತೆ. ನಮಗಿದು ಗೊತ್ತಾದದ್ದು ಸದ್ಯ ಬೆಂಚ್ ಮೇಲೆ. ಅವತ್ತಿಂದ ನಮ್ಮ ಲ್ಯಾಪ್‌ಟಾಪು, ಗೇಜು, ನೋಟ್‌ಬುಕ್ಕು ಎಲ್ಲದರಲ್ಲೂ ಲ್ಯಾಂಬ್ಡಾ ಮಾತ್ರ. ಎಥನಾಲ್ ಎಷ್ಟೇ ಇರಲಿ, 1 ಅಂದರೆ 1.

ಸೆನ್ಸರ್ ಎಲ್ಲಿ ಕೂರಿಸಬೇಕು ಅನ್ನೋದನ್ನ ಆರ್ಡರ್ ಮಾಡೋ ಮುಂಚೆಯೇ ಯೋಚಿಸಿ, ಯಾಕಂದ್ರೆ ಎಷ್ಟು ಬಿಸಿ ತಡೆಯಬೇಕು ಅನ್ನೋದು ಅದರ ಮೇಲೆ ನಿಂತಿದೆ. 4.9ಕ್ಕೆ ಹೊಗೆಯ ಬಿಸಿ 930 ಡಿಗ್ರಿ ದಾಟಬಾರದು. ಎಕ್ಸಾಸ್ಟ್ ಪೋರ್ಟಿಗೆ ತೀರಾ ಹತ್ತಿರ ಇಟ್ಟರೆ ಬೇಯುತ್ತೆ. ಪೈಪಿನ ಬಾಲಕ್ಕೆ ಹತ್ತಿರ ಇಟ್ಟರೆ ಐಡಲ್‌ನಲ್ಲಿ ಹೊರಗಿನ ಗಾಳಿ ಹಿಂದಕ್ಕೆ ನುಗ್ಗಿ ಮತ್ತದೇ ‘ಲೀನ್’ ಕಥೆ. ನಾವು ಪೋರ್ಟಿನಿಂದ ಸುಮಾರು 45 ಸೆಂಟಿಮೀಟರ್ ದೂರದಲ್ಲಿ, ಸೆನ್ಸರಿಗಿಂತ ಹಿಂದೆ ಒಂದೂ ಸ್ಲಿಪ್ ಜಾಯಿಂಟ್ ಇಲ್ಲದ ಹಾಗೆ ಎಂ18 ಬಂಗ್ ವೆಲ್ಡ್ ಮಾಡಿಸಿದ್ವಿ. ಅದೇ ಸಾರಕ್ಕಿ ಯಜಮಾನರು. ಗಡಿಯಾರದ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಮೂತಿ ಕೆಳಗೆ ಮಾಡಿ ಕೂರಬೇಕು. ಅಡ್ಡಡ್ಡ ಅಥವಾ ಪೈಪಿನ ಕೆಳಗೆ ಇಟ್ಟರೆ ಬೆಳಗಿನ ತೇವ ಅದರೊಳಗೆ ನಿಲ್ಲುತ್ತೆ. 780 ಡಿಗ್ರಿಯ ಪಿಂಗಾಣಿ ಮೇಲೆ ಒಂದು ಹನಿ ನೀರು ಬಿದ್ದರೆ ಕಾದ ಕಾವಲಿ ಮೇಲೆ ಬಿದ್ದ ಹಾಗೆ, ಚಟ್. ಇದೇ ಕಾರಣಕ್ಕೆ ಇಂಜಿನ್ ಸ್ಟಾರ್ಟ್ ಆಗೋ ಮುಂಚೆ ಹೀಟರ್ ಆನ್ ಮಾಡಬಾರದು. ಹಾಗಂತ ಕರೆಂಟ್ ಕೊಡದೆ ಪೈಪಿನಲ್ಲಿ ಸುಮ್ಮನೆ ಬಿಟ್ಟು ಇಂಜಿನ್ ಓಡಿಸಬಾರದು, ಮಸಿ ಕಟ್ಟಿಕೊಂಡು ಸಾಯುತ್ತೆ. ಇಂಜಿನ್ ಹೊತ್ತಿಕೊಂಡ ಮೇಲೆ ಹೀಟರ್, ಅಷ್ಟೆ. ನಾವು ಫ್ಯುಯೆಲ್ ಪಂಪಿನ ರಿಲೇಗೆ ಕಟ್ಟಿದ್ದೀವಿ. ಪ್ರೈಮಿಂಗ್‌ನ ಎರಡು ಸೆಕೆಂಡ್ ಬಿಟ್ಟರೆ ಅದು ಇಂಜಿನ್ ತಿರುಗಿದಾಗ ಮಾತ್ರ ಆನ್ ಇರುತ್ತೆ.

ಸಾಮಾನ್ಯ ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಹತ್ತಿರಕ್ಕೂ ತರಬೇಡಿ, ಅದರ ಆವಿ ಸೆನ್ಸರಿನ ಮೇಲೆ ಗಾಜಿನಂತೆ ಪದರ ಕಟ್ಟುತ್ತೆ. ‘ಸೆನ್ಸರ್ ಸೇಫ್’ ಅಂತ ಬರೆದಿರೋದೇ ಬೇಕು. ಸೀಸ ಇರೋ ಪೆಟ್ರೋಲ್ ಕೂಡ ವಿಷ. ನಮ್ಮ ದೇಶದ ಬಂಕ್‌ಗಳಲ್ಲಿ ಅದು 2000ದಲ್ಲೇ ನಿಂತಿದೆ, ಆದರೆ ಕೆಲವು ರೇಸ್ ಇಂಧನಗಳಲ್ಲಿ ಈಗಲೂ ಇರುತ್ತೆ.

ಈಗ ನಮ್ಮ ನಿದ್ದೆ ಕೆಡಿಸಿರೋ ಕೊನೆಯ ಲೆಕ್ಕ. ಫಾರ್ಮುಲಾ ಭಾರತ್ ನಡೆಯೋದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇನಲ್ಲಿ. ನಾವು ಟ್ಯೂನ್ ಮಾಡೋದು ಬೆಂಗಳೂರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಕೊಯಮತ್ತೂರು ಸುಮಾರು 410 ಮೀಟರ್. ಇಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಹತ್ತಿರ, ಅಲ್ಲಿ 96.5 ಹತ್ತಿರ. ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದನ್ನೇ ನೋಡಿ ಪೆಟ್ರೋಲ್ ಕೊಡೋ ಮ್ಯಾಪ್ ನಮ್ಮದು, ಅದಕ್ಕೆ ಘಟ್ಟ ಇಳಿದದ್ದು ಗೊತ್ತಾಗಲ್ಲ. ಅದೇ ಥ್ರಾಟಲ್‌ಗೆ ಅಲ್ಲಿ ಸುಮಾರು 6 ಪರ್ಸೆಂಟ್ ಗಾಳಿ ಜಾಸ್ತಿ ಒಳಗೆ ಹೋಗುತ್ತೆ. ಇಲ್ಲಿ 0.88 ಇದ್ದದ್ದು ಅಲ್ಲಿ 0.93, 0.94. ಫುಲ್ ಥ್ರಾಟಲ್‌ನಲ್ಲಿ, ಬಿಸಿಲಿನಲ್ಲಿ, ಎಂಡ್ಯೂರೆನ್ಸ್ ರೇಸಿನ 22 ಕಿಲೋಮೀಟರ್. ಬ್ಯಾರೋಮೀಟರ್ ಕರೆಕ್ಷನ್ ಹಾಕಿದ್ದೀವಿ. ಆದರೆ ಹಾಕಿದ್ದು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಹೇಳೋದು ಅಲ್ಲಿ ಹೋದ ಮೇಲೆ ಆ ಪೈಪಿನ ಸೆನ್ಸರೇ. ಅದಕ್ಕೇ ಟ್ಯೂನಿಂಗ್ ಮುಗೀತು ಅಂತ ಅದನ್ನ ಬಿಚ್ಚಿಡದೆ ಕಾರಿನಲ್ಲೇ ಬಿಡ್ತಿದ್ದೀವಿ, ಟೂಲ್‌ಬಾಕ್ಸ್‌ನಲ್ಲಿ ಇನ್ನೊಂದು 4.9 ಸ್ಪೇರ್ ಇದೆ, ಕನೆಕ್ಟರ್ ಸಮೇತ. ಊದುಬತ್ತಿ ಪ್ಯಾಕೆಟ್ಟೂ ಇದೆ.

ಅವತ್ತು ಸುಟ್ಟ ಸೆನ್ಸರನ್ನ ನಾವು ಎಸೆದಿಲ್ಲ. ಹ್ಯಾಕ್ಸಾದಿಂದ ಉದ್ದಕ್ಕೆ ಕುಯ್ದು ವರ್ಕ್‌ಶಾಪಿನ ಕಿಟಕಿ ಮೇಲೆ ಇಟ್ಟಿದ್ದೀವಿ. ಒಳಗಿನ ಪಿಂಗಾಣಿ ಪಟ್ಟಿ ಐಸ್‌ಕ್ರೀಮ್ ಕಡ್ಡಿಗಿಂತ ಸಣ್ಣದು, ತುದಿಯಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟಿದೆ. ನೋಡಬೇಕು ಅನ್ನೋರು ಯಾವ ಸಂಜೆ ಬೇಕಾದ್ರೂ ಆರರ ಮೇಲೆ ಬನ್ನಿ, ಬರ್ತಾ ಟೀ ತನ್ನಿ.